ಉದ್ರಿಯಿಂದ ಓಟಿಪಿವರೆಗೆ: ಕಾರ್ಡಿನ ಮಾತು, ನಮ್ಮ ಮಾತಿನಲ್ಲಿ

(ನಮ್ಮ ಕೇಂದ್ರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಕೇಳುತ್ತಾ ಬರೆದುಕೊಳ್ಳಲು ಆಗಲಿಲ್ಲವೆಂದು ಹಲವರು ತಿಳಿಸಿದ್ದರಿಂದ ಇಲ್ಲಿ ಅಚ್ಚು ಮಾಡಿದ್ದೇವೆ.)



ಇವತ್ತು ಹಾಡು ಸ್ವಲ್ಪ ಕಡಿಮೆ, ಮಾತು ಸ್ವಲ್ಪ ಜಾಸ್ತಿ. ವಿಷಯ ಕ್ರೆಡಿಟ್ ಕಾರ್ಡು, ಯುಪಿಐ, ಮತ್ತು ಅವುಗಳ ಸುತ್ತ ಬೆಳೆದಿರುವ ಶಬ್ದಗಳ ಕಾಡು. ಕನ್ನಡ ಬಿ.ಎ. ಓದಿದವರಿಗೆ ಬ್ಯಾಂಕಿನ ಉಸಾಬರಿ ಏಕೆ ಎಂದು ನಗಬೇಡಿ. ನಮಗೆ ಬರುವ ಫೋನು, ಪತ್ರಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಲೆಕ್ಕ ನಮ್ಮವರಿಗೆ ಚೆನ್ನಾಗಿಯೇ ಬರುತ್ತದೆ, ತೊಡಕಾಗುವುದು ಶಬ್ದ. ಕಾಲ್ ಸೆಂಟರಿನವರು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಪಟಪಟನೆ ಹೇಳುತ್ತಾರೆ. ಅರ್ಥವಾಗಲಿಲ್ಲ ಎನ್ನಲು ಸಂಕೋಚ. ‘ಹಾಂ ಹಾಂ’ ಎಂದುಬಿಡುತ್ತೇವೆ. ಆ ‘ಹಾಂ’ಗೆ ಕೆಲವೊಮ್ಮೆ ಸಾವಿರಗಟ್ಟಲೆ ರೂಪಾಯಿ ಬೆಲೆ.

ನಿಜ ಹೇಳಬೇಕೆಂದರೆ ಈ ವ್ಯವಹಾರ ನಮಗೆ ಹೊಸದಲ್ಲ. ಊರಿನ ಕಿರಾಣಿ ಅಂಗಡಿಯ ಕೆಂಪು ಪುಸ್ತಕ ನೆನಪಿದೆಯೇ? ಅದರಲ್ಲಿ ಉದ್ರಿ ಇತ್ತು, ಜಮೆ ಇತ್ತು, ಅಸಲು ಇತ್ತು, ಬಡ್ಡಿ ಇತ್ತು, ಹಣ ಕೊಡಬೇಕಾದ ವಾಯಿದೆ ಇತ್ತು. ಕ್ರೆಡಿಟ್ ಕಾರ್ಡ್ ಎಂದರೆ ಉದ್ರಿ ಪುಸ್ತಕವೇ. ಶೆಟ್ಟರ ಬದಲು ಬ್ಯಾಂಕು ಉದ್ರಿ ಕೊಡುತ್ತದೆ, ಅಷ್ಟೇ. ಡೆಬಿಟ್ ಕಾರ್ಡ್ ಎಂದರೆ ನಮ್ಮದೇ ಖಾತೆಯ ನಮ್ಮದೇ ಹಣ. ಇವೆರಡರ ಗೊಂದಲ ಮೊದಲು ಹೋಗಬೇಕು. ಕ್ರೆಡಿಟ್ ಕಾರ್ಡಿನ ‘ಲಿಮಿಟ್ ಒಂದು ಲಕ್ಷ’ ಎಂದರೆ ನಿಮ್ಮ ಹತ್ತಿರ ಒಂದು ಲಕ್ಷ ಇದೆ ಎಂದಲ್ಲ, ಒಂದು ಲಕ್ಷದವರೆಗೆ ಸಾಲ ಮಾಡಬಹುದು ಎಂದು.

ಈ ಪದ್ಧತಿ 1950ರಲ್ಲಿ ನ್ಯೂಯಾರ್ಕಿನ ಡೈನರ್ಸ್ ಕ್ಲಬ್‌ನಿಂದ ಹೆಸರಾಯಿತು. ನಮ್ಮ ಮುಂಬಯಿಯ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ತನ್ನ ಕಾರ್ಡನ್ನು ತಂದಿತು. ನಮ್ಮ ದೇಶದ್ದೇ ಆದ ರುಪೇ ಜಾಲ ಬಂದದ್ದು 2012ರಲ್ಲಿ.

ಈಗ ಕಾರ್ಡು ಉಜ್ಜಿದಾಗ ಏನಾಗುತ್ತದೆ ನೋಡೋಣ. ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಮನೆಮಂದಿಯೆಲ್ಲ ಹೋಗಿದ್ದೀರಿ ಎಂದುಕೊಳ್ಳಿ. ಬಿಲ್ಲು 640 ರೂಪಾಯಿ. ಗಲ್ಲೆಯ ಮೇಲಿನ ಪುಟ್ಟ ಯಂತ್ರದ ಹೆಸರು ಪಿಓಎಸ್. ಅದನ್ನು ಹೋಟೆಲಿಗೆ ಒದಗಿಸಿ, ಹೋಟೆಲಿನ ಪರವಾಗಿ ಹಣ ವಸೂಲು ಮಾಡುವ ಬ್ಯಾಂಕಿಗೆ ‘ಅಕ್ವೈರರ್’ ಎನ್ನುತ್ತಾರೆ. ನಿಮಗೆ ಕಾರ್ಡು ಕೊಟ್ಟ ಬ್ಯಾಂಕು ‘ಇಶ್ಯೂವರ್’. ಇವೆರಡನ್ನೂ ಜೋಡಿಸುವ ದಾರಿ ‘ನೆಟ್‌ವರ್ಕ್’, ಅಂದರೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಇತ್ಯಾದಿ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ನಡುವೆ ಮಾತುಕತೆ ನಡೆಸುವ ಹಿರಿಯರು ಎಂದುಕೊಂಡರೆ ಸುಲಭ.

ಕಾರ್ಡು ತಾಗಿಸಿದ ಕೂಡಲೇ ಹೋಟೆಲಿನ ಬ್ಯಾಂಕು ಕೇಳುತ್ತದೆ: ‘640 ರೂಪಾಯಿ ಕೊಡಬಹುದೇ?’ ನಿಮ್ಮ ಬ್ಯಾಂಕು ಲಿಮಿಟ್ ನೋಡಿ, ಪಿನ್ ನೋಡಿ, ‘ಆಗಲಿ’ ಎನ್ನುತ್ತದೆ. ಈ ಒಪ್ಪಿಗೆಗೆ ‘ಆಥರೈಸೇಷನ್’ ಎಂದು ಹೆಸರು. ಕೆಲವೇ ಸೆಕೆಂಡುಗಳ ಕೆಲಸ. ಆದರೆ ಗಮನಿಸಿ, ಆ ಹೊತ್ತಿಗೆ ಹೋಟೆಲಿನವರ ಕೈಗೆ ಹಣ ಹೋಗಿರುವುದಿಲ್ಲ. ನಿಶ್ಚಿತಾರ್ಥವಾಗಿದೆ, ಮದುವೆ ಆಗಿಲ್ಲ. ಆಮೇಲೆ ಬ್ಯಾಂಕುಗಳು ಲೆಕ್ಕ ತಾಳೆ ಹಾಕುವುದು ‘ಕ್ಲಿಯರಿಂಗ್’, ಹಣ ನಿಜವಾಗಿ ಕೈ ಬದಲಾಯಿಸುವುದು ‘ಸೆಟ್ಲ್‌ಮೆಂಟ್’. ಹೋಟೆಲಿನವರಿಗೆ ಪೂರ್ತಿ 640 ಸಿಗುವುದೂ ಇಲ್ಲ, ಒಂದು ಸಣ್ಣ ಪಾಲು ಕಮಿಷನ್ ಕಳೆದು ಬರುತ್ತದೆ. ಅದೇ ‘ಎಂಡಿಆರ್’. ಸಣ್ಣ ಅಂಗಡಿಯವರು ಕ್ರೆಡಿಟ್ ಕಾರ್ಡು ಬೇಡ, ಯುಪಿಐ ಮಾಡಿ ಎನ್ನುವುದರ ಗುಟ್ಟು ಇದು. ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐಗೆ 2020ರ ಜನವರಿ 1ರಿಂದ ಈ ಕಮಿಷನ್ ತೆಗೆದುಹಾಕಲಾಯಿತು.

ನಿಶ್ಚಿತಾರ್ಥ, ಮದುವೆಯ ಈ ವ್ಯತ್ಯಾಸ ತಿಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಲಾಡ್ಜಿನಲ್ಲಿ ರೂಮು ಹಿಡಿದಾಗ ಐದು ಸಾವಿರ ‘ಹೋಲ್ಡ್’ ಎಂದು ತೋರಿಸಿದರೆ ಅದು ಖರ್ಚಲ್ಲ, ತಡೆಹಿಡಿದ ಮೊತ್ತ. ಅಂಗಡಿಯ ಯಂತ್ರ ‘ಡಿಕ್ಲೈನ್ಡ್’ ಎಂದಿತು, ಮೊಬೈಲಿಗೆ ಮಾತ್ರ ಹಣ ಕಡಿತವಾಯಿತೆಂದು ಸಂದೇಶ ಬಂತು ಎನ್ನಿ. ಮದುವೆ ಮುರಿದಿದೆ, ಹಣ ತಿರುಗಿ ಬರಬೇಕು. ಇದು ‘ರಿವರ್ಸಲ್’. ಇದಕ್ಕೂ ಗಡುವಿದೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಎಟಿಎಮ್ಮಿನಲ್ಲಿ ಹಣ ಬಾರದೆ ಖಾತೆಯಲ್ಲಿ ಕಡಿತವಾದರೆ, ಇಲ್ಲವೇ ಅಂಗಡಿಯ ಯಂತ್ರದಲ್ಲಿ ಹೀಗಾದರೆ, ‘ಟಿ ಪ್ಲಸ್ 5’. ‘ಟಿ’ ಎಂದರೆ ವ್ಯವಹಾರ ನಡೆದ ದಿನ. ಅದಾದ ಐದು ದಿನದೊಳಗೆ ಹಣ ತಾನಾಗಿಯೇ ವಾಪಸು ಬರಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಮುಟ್ಟದಿದ್ದರೆ ‘ಟಿ ಪ್ಲಸ್ 1’. ಬ್ಯಾಂಕಿನವರ ಎದುರು ಈ ಎರಡು ಅಕ್ಷರ ಹೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೆರಡು ಶಬ್ದ ಇದರ ಜೊತೆಗಿವೆ. ಕೊಂಡ ಸೀರೆ ವಾಪಸು ಕೊಟ್ಟಾಗ ಅಂಗಡಿಯವರು ತಾವಾಗಿ ಹಣ ಹಿಂದಿರುಗಿಸಿದರೆ ಅದು ‘ರೀಫಂಡ್’. ಸಾಮಾನು ಬರಲೇ ಇಲ್ಲ, ಅಂಗಡಿಯವರು ಫೋನು ಎತ್ತುವುದೂ ಇಲ್ಲ ಎಂದಾಗ ನಿಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂದಕ್ಕೆ ಎಳೆಸುವುದು ‘ಚಾರ್ಜ್‌ಬ್ಯಾಕ್’. ರೀಫಂಡ್ ಕೇಳಬೇಕಾದದ್ದು ಅಂಗಡಿಯಲ್ಲಿ, ಚಾರ್ಜ್‌ಬ್ಯಾಕ್ ಕೇಳಬೇಕಾದದ್ದು ಬ್ಯಾಂಕಿನಲ್ಲಿ. ಬಾಗಿಲು ತಪ್ಪಿದರೆ ತಿಂಗಳುಗಟ್ಟಲೆ ಅಲೆದಾಟ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಡೊಂಬಿವಲಿಯ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದರು. ಯಜಮಾನರು ತೀರಿಕೊಂಡ ಮೇಲೆ ಮನೆಯ ವ್ಯವಹಾರ ಅವರ ಮೇಲೆ ಬಿತ್ತು. ಹಾಲಿನ ಲೆಕ್ಕದಿಂದ ಸೊಸೈಟಿಯ ಲೆಕ್ಕದವರೆಗೆ ಪೈಸೆ ಬಿಡದವರು. ತಮ್ಮ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ‘ಮಿನಿಮಮ್ ಅಮೌಂಟ್ ಡ್ಯೂ’ ಎಂದು ಇದ್ದ ಮೊತ್ತವನ್ನು ಹನ್ನೊಂದು ತಿಂಗಳು ತಪ್ಪದೆ ಕಟ್ಟಿದ್ದಾರೆ, ಒಂದು ದಿನವೂ ತಡ ಮಾಡಿಲ್ಲ. ಆದರೂ ಸಾಲ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ‘ನಾನು ಏನು ತಪ್ಪು ಮಾಡಿದೆ?’ ಎಂದು ಕೇಳಿದ್ದಾರೆ.

ತಾಯೀ, ನೀವು ತಪ್ಪು ಮಾಡಿಲ್ಲ. ಆ ಶಬ್ದವೇ ಮೋಸಗೊಳಿಸುವಂತಿದೆ. ‘ಡ್ಯೂ’ ಎಂದರೆ ಕೊಡಬೇಕಾದದ್ದು. ಅಷ್ಟು ಕೊಟ್ಟರೆ ಮುಗಿಯಿತು ಎಂದು ಯಾರಿಗಾದರೂ ಅನಿಸುತ್ತದೆ. ಸ್ಟೇಟ್‌ಮೆಂಟಿನಲ್ಲಿ ಇರುವುದು ಎರಡು ಮೊತ್ತ. ‘ಟೋಟಲ್ ಅಮೌಂಟ್ ಡ್ಯೂ’ ಎಂದರೆ ಪೂರ್ತಿ ಬಾಕಿ. ‘ಮಿನಿಮಮ್’ ಎಂದರೆ ಲೇಟ್ ಫೀ ಬೀಳದಂತೆ, ಹೆಸರು ಕೆಡದಂತೆ ಕಟ್ಟಬೇಕಾದ ಕನಿಷ್ಠ ಕಂತು. ಅದನ್ನು ಕಟ್ಟಿದರೆ ಬಡ್ಡಿ ನಿಲ್ಲುವುದಿಲ್ಲ.

ಒಂದು ಲೆಕ್ಕ ಹಾಕೋಣ. ಬಾಕಿ 20,000 ರೂಪಾಯಿ. ಕನಿಷ್ಠ ಕಂತು ಶೇಕಡಾ 5, ಅಂದರೆ 1,000. ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು, ವರ್ಷಕ್ಕೆ ಗುಣಿಸಿದರೆ 42. ಒಂದು ತಿಂಗಳ ಬಡ್ಡಿ 700 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 126 ರೂಪಾಯಿ. ಎರಡೂ ಸೇರಿ 826. ನೀವು ಕಟ್ಟಿದ ಸಾವಿರದಲ್ಲಿ ಅಸಲಿಗೆ ಹೋದದ್ದು ಬರೀ 174 ರೂಪಾಯಿ! ಇದೂ ಸಾಲದೆಂಬಂತೆ, ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು. ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರೂ ಹಾಗೆಯೇ. ಅದಕ್ಕೆ ‘ಕ್ಯಾಶ್ ಅಡ್ವಾನ್ಸ್’ ಎಂದು ಹೆಸರು. ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಆಸ್ಪತ್ರೆಯಂಥ ತುರ್ತು ಬಿಟ್ಟರೆ ಅದರ ತಂಟೆಗೆ ಹೋಗಬೇಡಿ.

ಹಾಗಾದರೆ ಕಾರ್ಡು ಕೆಟ್ಟದ್ದೇ? ಇಲ್ಲ. ಪೂರ್ತಿ ಬಾಕಿಯನ್ನು ವಾಯಿದೆಯೊಳಗೆ ಕಟ್ಟುವವರಿಗೆ ಅದು ಬಿಟ್ಟಿ ಸಾಲ. ಪ್ರತಿ ತಿಂಗಳು 10ನೇ ತಾರೀಕು ನಿಮ್ಮ ‘ಸ್ಟೇಟ್‌ಮೆಂಟ್ ಡೇಟ್’, 30ನೇ ತಾರೀಕು ‘ಡ್ಯೂ ಡೇಟ್’ ಎನ್ನಿ. ಮಾರ್ಚ್ 11ರಂದು ಮಿಕ್ಸಿ ಕೊಂಡರೆ ಅದು ಏಪ್ರಿಲ್ 10ರ ಬಿಲ್ಲಿಗೆ ಬರುತ್ತದೆ, ಏಪ್ರಿಲ್ 30ಕ್ಕೆ ಕಟ್ಟಿದರೆ ಸಾಕು, 50 ದಿನ ಬಡ್ಡಿಯಿಲ್ಲ. ಅದೇ ಮಿಕ್ಸಿಯನ್ನು ಏಪ್ರಿಲ್ 9ರಂದು ಕೊಂಡರೆ ಸಿಗುವುದು 21 ದಿನ. ಪಿಂಚಣಿ, ಸಂಬಳ ಬರುವ ದಿನಕ್ಕೆ ಹೊಂದುವಂತೆ ಬಿಲ್ಲಿನ ತಾರೀಕು ಬದಲಿಸಿಕೊಡಿ ಎಂದು ಕೇಳಲು ನಿಮಗೆ ಹಕ್ಕಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮ ಇನ್ನೊಂದು ಹಕ್ಕನ್ನೂ ಕೊಟ್ಟಿತು. ಬಾಕಿ ಪೂರ್ತಿ ತೀರಿಸಿ ಕಾರ್ಡು ಮುಚ್ಚಿರೆಂದು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ದಂಡ, ಅದು ಗ್ರಾಹಕರಿಗೆ ಸೇರುತ್ತದೆ.

ಇನ್ನು ಕಳ್ಳಕಾಕರ ಮಾತು. ಕಾರ್ಡಿನ ಹಿಂದೆ ಇರುವ ಮೂರು ಅಂಕಿಯ ‘ಸಿವಿವಿ’, ಮೊಬೈಲಿಗೆ ಬರುವ ‘ಓಟಿಪಿ’, ನಿಮ್ಮ ತಲೆಯಲ್ಲಿರುವ ‘ಪಿನ್’, ಈ ಮೂರೂ ಮನೆಯ ಬೀಗದ ಕೈಗಳು. ಬ್ಯಾಂಕಿನವರು ಇವನ್ನು ಫೋನಿನಲ್ಲಿ ಕೇಳುವುದಿಲ್ಲ, ಕೇಳಿದವರು ಬ್ಯಾಂಕಿನವರಲ್ಲ. ಆದರೆ ಕೆಲವು ವಿದೇಶಿ ಜಾಲತಾಣಗಳಲ್ಲಿ ಓಟಿಪಿ ಇಲ್ಲದೆಯೂ ಕಾರ್ಡು ನಡೆಯುತ್ತದೆ. ವಿದೇಶದ ವ್ಯವಹಾರ ಇಲ್ಲದವರು ಬ್ಯಾಂಕಿನ ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಗುಂಡಿಯನ್ನು ಆರಿಸಿಡಿ. ‘ಟೋಕನ್’ ಎಂಬ ಶಬ್ದ ಕಂಡರೆ ಹೆದರಬೇಡಿ, ಅದು ಒಳ್ಳೆಯದು. 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಿಮ್ಮ ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಒಂದು ಸಂಕೇತ ಸಂಖ್ಯೆ ಇಟ್ಟುಕೊಳ್ಳುತ್ತವೆ. ಅದು ಕದ್ದವರ ಕೈಗೆ ಸಿಕ್ಕರೂ ಬೇರೆಡೆ ನಡೆಯದು.

ಯುಪಿಐ ಬಗ್ಗೆ ಒಂದೇ ಸೂತ್ರ: ಪಿನ್ ಒತ್ತುವುದು ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಹಳೆಯ ಸೋಫಾ ಮಾರಲು ಹೊರಟಾಗ ‘ಹಣ ಕಳಿಸಿದ್ದೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಫೋನು ಇಟ್ಟುಬಿಡಿ. ನಿಮ್ಮ ಮನೆಗೆ ಯಾರೋ ಅಕ್ಕಿ ತಂದುಕೊಡಲು ನಿಮ್ಮ ಬೀರುವಿನ ಕೀಲಿ ಏಕೆ ಬೇಕು?

ಊರಿಗೆ ಹಣ ಕಳಿಸುವವರಿಗೆ ಒಂದು ಕಿವಿಮಾತು. ‘ಐಎಫ್‌ಎಸ್‌ಸಿ’ ಎಂಬುದು ಬ್ಯಾಂಕು ಶಾಖೆಯ ಪಿನ್‌ಕೋಡ್ ಇದ್ದಂತೆ, ಹನ್ನೊಂದು ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಹೆಸರು, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಕೋಡುಗಳು 2021ರ ಜುಲೈಯಿಂದ ನಿಂತವು. ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದವು. ಅಮ್ಮನ ಹಳೆಯ ಪಾಸ್‌ಬುಕ್ ನೋಡಿ ಕೋಡು ತುಂಬಬೇಡಿ, ಹೊಸದನ್ನು ಕೇಳಿ ತಿಳಿದುಕೊಳ್ಳಿ.

ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ? ಗಡಿಯಾರ ನೋಡಿ. ತಕ್ಷಣ ಬ್ಯಾಂಕಿಗೆ ಫೋನು ಮಾಡಿ ಕಾರ್ಡು ಬಂದ್ ಮಾಡಿಸಿ. ಆಮೇಲೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ತಿರುಳು ಹೀಗಿತ್ತು: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಮೂರು ಕೆಲಸದ ದಿನಗಳಲ್ಲಿ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಸ್ವಲ್ಪ ಹೊಣೆ. ಓಟಿಪಿಯನ್ನು ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಮರ್ಯಾದೆಗೆ ಅಂಜಿ ಸುಮ್ಮನೆ ಕೂರಬೇಡಿ. ಮಗ ಬೈದಾನು, ಸೊಸೆ ನಕ್ಕಾಳು ಎಂದು ರಾತ್ರಿಯೆಲ್ಲ ಮುಚ್ಚಿಟ್ಟವರು ಕಳೆದುಕೊಳ್ಳುವುದು ಹೆಚ್ಚು.

ಮಕ್ಕಳಿಗೂ ಒಂದು ಮಾತು ಹೇಳಬೇಕು. ‘ನಿನಗೆ ಗೊತ್ತಾಗುವುದಿಲ್ಲ ಬಿಡಮ್ಮ’ ಎಂದು ಮೊಬೈಲು ಕಸಿದುಕೊಂಡು ನೀವೇ ಒತ್ತುವ ಬದಲು ಹತ್ತು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡಿ. ಕನ್ನಡದಲ್ಲಿಯೇ ಹೇಳಿ. ಟೋಟಲ್ ಎಂದರೆ ಪೂರ್ತಿ ಬಾಕಿ, ಮಿನಿಮಮ್ ಎಂದರೆ ಕನಿಷ್ಠ ಕಂತು, ಡ್ಯೂ ಡೇಟ್ ಎಂದರೆ ವಾಯಿದೆ, ಫೈನಾನ್ಸ್ ಚಾರ್ಜ್ ಎಂದರೆ ಬಡ್ಡಿ. ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ, ಕೆಳಗೆ 1930 ಎಂದು ದಪ್ಪಗೆ ಬರೆಯಿರಿ.

ಡೊಂಬಿವಲಿಯ ತಾಯಿಯವರಿಗೆ ಕೊನೆಯ ಸಲಹೆ. ಮೊದಲು ಆ ಕಾರ್ಡಿನಲ್ಲಿ ಹೊಸ ಖರೀದಿ ನಿಲ್ಲಿಸಿ. ಠೇವಣಿ ಇದ್ದರೆ ಅದರಿಂದ ತೆಗೆದು ಬಾಕಿ ತೀರಿಸುವುದೇ ಲಾಭ. ಠೇವಣಿಗೆ ಸಿಗುವ ಬಡ್ಡಿ ವರ್ಷಕ್ಕೆ ಒಂದಂಕಿ, ಕಾರ್ಡಿಗೆ ತೆರುವ ಬಡ್ಡಿ ನಲವತ್ತರ ಸುಮಾರು. ಠೇವಣಿ ಇಲ್ಲದಿದ್ದರೆ ಬಾಕಿಯನ್ನು ಕಡಿಮೆ ಬಡ್ಡಿಯ ಇಎಂಐಗೆ ಬದಲಿಸಿಕೊಡಿ ಎಂದು ಕೇಳಿ. ಬಡ್ಡಿ ಎಷ್ಟು, ಶುಲ್ಕ ಎಷ್ಟು, ಒಟ್ಟು ಎಷ್ಟು ಕಟ್ಟಬೇಕು ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ‘ಹಾಂ’ ಎನ್ನಿ.

ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅರ್ಥವಾಗದ ಶಬ್ದ ಇನ್ನೂ ಇದ್ದರೆ ಬರೆದು ಕಳಿಸಿ, ಮುಂದಿನ ಬಾರಿ ಬಿಡಿಸೋಣ. ಕಾರ್ಡಿನ ಸಂಖ್ಯೆಯನ್ನು ಮಾತ್ರ ಬರೆಯಬೇಡಿ, ನಮಗೂ!