ಕೂಸಿನ ನಿದ್ದೆಯ ಗೆರೆಗಳು

ನಿಮಗೆ ಜ್ವರ ಬಂದರೆ "ಅಮ್ಮಾ, ತಲೆ ನೋಯ್ತಿದೆ" ಎನ್ನುತ್ತೀರಿ. ಹುಟ್ಟಿ ನಾಲ್ಕೇ ದಿನವಾದ ಕೂಸು ಏನು ಮಾಡೀತು? ಅಳಬೇಕು, ಅಷ್ಟೆ. ಕಾಯಿಲೆ ಜೋರಾದರೆ ಅಳುವುದಕ್ಕೂ ತ್ರಾಣವಿರುವುದಿಲ್ಲ. ಹಾಲು ಬಿಟ್ಟು ಮಂಕಾಗಿ ಮಲಗಿಬಿಡುತ್ತದೆ. ಕೆಲವೊಮ್ಮೆ ಜ್ವರದ ಬದಲು ಮೈ ತಣ್ಣಗಾಗುತ್ತದೆ. ರೋಗಾಣುಗಳು ರಕ್ತದಲ್ಲಿ ಹರಡಿ ನಂಜಾದರೆ, ಮಿದುಳನ್ನು ಸುತ್ತಿರುವ ಪೊರೆಯವರೆಗೂ ಹೋಗಬಲ್ಲವು.

ಆಗ ಮಿದುಳು ಹೇಗಿದೆಯೆಂದು ನೋಡಲು ಒಂದು ದಾರಿಯಿದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವಾಗ ವಿದ್ಯುತ್ ಹುಟ್ಟುತ್ತದೆ. ಗೋಡೆ ಗಡಿಯಾರದ ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದಲ್ಲವೇ? ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಕೆಲವೇ ಹತ್ತಾರು ಪಾಲು ತೆಗೆದುಕೊಳ್ಳಿ. ಕೂಸಿನ ನೆತ್ತಿಯ ಮೇಲೆ ಸಿಗುವುದು ಅಷ್ಟೇ! ಮನುಷ್ಯನ ತಲೆಯ ಮೇಲೆ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ಊರಿನ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಇಇಜಿ ಎನ್ನುವುದು ಹೀಗೆ ದಾಖಲಿಸುವುದನ್ನೇ.

ಇಇಜಿಯ ಗೆರೆಗಳು ಸರಸರ ಓಡುತ್ತವೆ. ಹಗಲೂ ರಾತ್ರಿ ಅವನ್ನು ಓದುತ್ತ ಕೂರುವುದು ಯಾರಿಗಾದರೂ ಕಷ್ಟ. 1960ರ ದಶಕದ ಕೊನೆಗೆ ಲಂಡನ್ನಿನಲ್ಲಿ ಡಗ್ಲಸ್ ಮೇನಾರ್ಡ್, ಪಮೇಲಾ ಪ್ರಯರ್ ಮತ್ತು ಜೊತೆಗಾರರು ಗಂಟೆಗಟ್ಟಲೆಯ ಗೆರೆಗಳನ್ನು ಒತ್ತಿ ಒಂದು ಪಟ್ಟಿಯಾಗಿ ತೋರಿಸುವ ಯಂತ್ರ ಮಾಡಿದರು. ದೊಡ್ಡವರಿಗೆಂದು ಮಾಡಿದ್ದು, ಆಮೇಲೆ ಹಸುಗೂಸುಗಳಿಗೂ ಬಂತು. ತಲೆಗೆ ಅಂಟಿಸುವುದು ನಾಲ್ಕೈದು ಪುಟ್ಟ ಬಿಲ್ಲೆಗಳನ್ನು. ಅವು ಮಿದುಳಿಗೆ ಕರೆಂಟು ಕೊಡುವುದಿಲ್ಲ, ಅಲ್ಲಿರುವುದನ್ನು ಆಲಿಸುತ್ತವೆ.

ನನಗೆ ಬಲು ಇಷ್ಟವಾಗುವುದು ಆ ಪಟ್ಟಿಯಲ್ಲಿ ಕಾಣುವ ನಿದ್ದೆ. ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಕೂಸು ಗಾಢವಾಗಿ ಮಲಗಿದಾಗ ಪಟ್ಟಿ ಅಗಲವಾಗುತ್ತದೆ. ಎಚ್ಚರವಿದ್ದಾಗ, ಇಲ್ಲವೇ ಕಣ್ಣುಗುಡ್ಡೆ ಆಡಿಸುತ್ತ ಹಗುರ ನಿದ್ದೆಯಲ್ಲಿದ್ದಾಗ ಕಿರಿದಾಗುತ್ತದೆ. ಹೀಗೆ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ. ಸೋಂಕು ಮಿದುಳನ್ನು ಬಳಲಿಸಿದಾಗ ಈ ಲಯ ಮಾಯವಾಗಬಹುದು; ಮಲಗಿಸುವ ಔಷಧಿ ಕೊಟ್ಟಿದ್ದರೂ ಹಾಗಾಗುವುದುಂಟು. ಅದಕ್ಕೇ ವೈದ್ಯರು ಪಟ್ಟಿಯೊಂದನ್ನೇ ನಂಬದೆ ರಕ್ತಪರೀಕ್ಷೆ, ಸ್ಕ್ಯಾನ್, ಕೂಸಿನ ಉಸಿರು, ಬಣ್ಣ ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ದಿನಗಳು ಕಳೆದಂತೆ ಲಯ ಮರಳಿದರೆ ಅದು ಒಳ್ಳೆಯ ಸುದ್ದಿ.

ಇನ್ನೊಂದು ಉಪಯೋಗ ಇನ್ನೂ ದೊಡ್ಡದು. ದೊಡ್ಡವರಿಗೆ ಫಿಟ್ಸ್ ಬಂದರೆ ಕೈಕಾಲು ಅದುರುವುದನ್ನು ನೀವು ಕೇಳಿರಬಹುದು. ಹಸುಗೂಸಿನಲ್ಲಿ ಎಷ್ಟೋ ಸಲ ತುಟಿ ಚಪ್ಪರಿಸಿದಷ್ಟೇ ಕಾಣುತ್ತದೆ, ಅಥವಾ ಏನೂ ಕಾಣುವುದಿಲ್ಲ. ಒಳಗೆ ಮಾತ್ರ ಮಿದುಳು ತತ್ತರಿಸುತ್ತಿರುತ್ತದೆ. ಪಟ್ಟಿಯ ಕೆಳಅಂಚು ದಿಢೀರನೆ ಮೇಲೇರಿದರೆ ವೈದ್ಯರು ಅನುಮಾನಪಟ್ಟು, ಪೂರ್ತಿ ಇಇಜಿ ನೋಡಿ, ಫಿಟ್ಸ್ ನಿಲ್ಲಿಸುವ ಔಷಧಿ ಕೊಡುತ್ತಾರೆ. ರೋಗಾಣುಗಳನ್ನು ಕೊಲ್ಲುವ ಕೆಲಸ ಆಂಟಿಬಯಾಟಿಕ್‌ನದು.

ಬಿಕ್ಕಳಿಕೆ ಬಂದರೂ, ಬಟ್ಟೆ ಬದಲಿಸಿದರೂ ಗೆರೆ ಕುಣಿಯುತ್ತದೆ. ಆದ್ದರಿಂದ ನರ್ಸಕ್ಕ ಪಕ್ಕದಲ್ಲೇ ಇದ್ದು, ಯಾವ ಹೊತ್ತಿಗೆ ಏನಾಯಿತೆಂದು ಗುರುತು ಹಾಕುತ್ತಾಳೆ: ಹಾಲು ಕೊಟ್ಟೆವು, ಮಗ್ಗುಲು ಬದಲಿಸಿದೆವು, ಅಮ್ಮ ಬಂದು ಮುಟ್ಟಿದರು.