ನೀರು ಹೀರುವ ಹರಳು: ಸಂಘದ ದುಡ್ಡು ಹಾಕುವ ಮೊದಲು

(ಸ್ವಸಹಾಯ ಸಂಘಗಳ ಒಕ್ಕೂಟದ ತಿಂಗಳ ಸಭೆಯಲ್ಲಿ ಕೊಟ್ಟ ಮಾಹಿತಿಯ ಬರಹ ರೂಪ)



ಬೇಸಿಗೆ ಬಂತೆಂದರೆ ಕೈತೋಟದ ಮಾತೆಲ್ಲ ನೀರಿನ ಮಾತೇ ಆಗಿಬಿಡುತ್ತದೆ. ಹೊತ್ತು ತಂದ ಕೊಡದ ನೀರನ್ನು ಪಾತ್ರೆಗೆ ಇಟ್ಟುಕೊಳ್ಳೋದೋ, ಬದನೆ ಗಿಡಕ್ಕೆ ಹಾಕೋದೋ ಅನ್ನುವ ಲೆಕ್ಕ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ಹೊತ್ತಿನಲ್ಲೇ "ಒಂದು ಚಮಚ ಹಾಕಿ, ಹದಿನೈದು ದಿನ ನೀರೇ ಬೇಡ" ಅಂತ ಪ್ಯಾಕೆಟ್ ಹಿಡಿದು ಬರುವವರೂ ಇದ್ದಾರೆ. ಆಂತರಿಕ ಸಾಲ ತೆಗೆದು ಈ ಹರಳನ್ನು ಸಗಟಾಗಿ ಕೊಳ್ಳಬಹುದಾ, ನರ್ಸರಿಗೆ ಬಳಸಿ ಉಳಿದದ್ದನ್ನು ಮಾರಬಹುದಾ ಅಂತ ಕೆಲವು ಸಂಘದವರು ಕೇಳಿದ್ದೀರಿ. ಉಳಿತಾಯದ ದುಡ್ಡಿನ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ.

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಏನಾಗುತ್ತೆ? ಸಾಸಿವೆಯಷ್ಟಿದ್ದದ್ದು ಸುತ್ತ ಲೋಳೆ ಕಟ್ಟಿಕೊಂಡು ಉಬ್ಬುತ್ತದೆ. ಈ ಹರಳೂ ಹಾಗೆಯೇ. ಇದನ್ನು ಹೈಡ್ರೋಜೆಲ್ ಅನ್ನುತ್ತಾರೆ. ಒಳಗೆ ಬಲೆಯ ಹಾಗೆ ಹೆಣೆದ ಪಾಲಿಮರ್ ಎಳೆಗಳಿರುತ್ತವೆ. ನೀರು ಒಳಹೊಕ್ಕು ಬಲೆ ಹಿಗ್ಗುತ್ತದೆ, ಆದರೆ ಕರಗುವುದಿಲ್ಲ. ಸುತ್ತಲಿನ ಮಣ್ಣು ಒಣಗುತ್ತಾ ಬಂದಾಗ ಬೇರು ಆ ನೀರನ್ನು ಎಳೆದುಕೊಳ್ಳುತ್ತದೆ. ಮತ್ತೆ ನೀರು ಹಾಕಿದರೆ ಹರಳು ಮತ್ತೆ ಉಬ್ಬುತ್ತದೆ.

ಇದು ಮೋಸದ ವಸ್ತುವೇನಲ್ಲ. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಮೆಕ್ಕೆಜೋಳದ ಪಿಷ್ಟದಿಂದ ಇಂಥದ್ದೊಂದನ್ನು ಮಾಡಿದರು. ನಮ್ಮಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ‘ಪೂಸಾ ಹೈಡ್ರೋಜೆಲ್’ ಎಂಬುದನ್ನು ತಯಾರಿಸಿದ್ದಾರೆ. ಅದಕ್ಕೆ ಮೂಲ ಸೆಲ್ಯುಲೋಸ್, ಅಂದರೆ ಗಿಡದ ನಾರಿನ ಅಂಶ. ಹೊಲಕ್ಕೆ ಎಕರೆಗೆ 1ರಿಂದ 2 ಕಿಲೋ ಅವರ ಶಿಫಾರಸು. ತನ್ನ ತೂಕದ 350 ಪಟ್ಟು ನೀರು ಹೀರುತ್ತದೆ ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು. ಆದರೆ ಆ 350 ಪಟ್ಟು ಶುದ್ಧ ನೀರಿನಲ್ಲಿ. ಈ ಒಂದು ಪದವನ್ನು ಮಾರುವವರು ನುಂಗಿಬಿಡುತ್ತಾರೆ.

ಮೇಜಿನ ಮೇಲಿನ ಎರಡು ಡಬ್ಬಿಗಳನ್ನು ನೋಡಿ. ಎರಡರಲ್ಲೂ ಒಂದೇ ಅಳತೆ ಹರಳು, ಒಂದೊಂದು ಲೀಟರ್ ನೀರು. ಒಂದಕ್ಕೆ ಹಾಕಿದ್ದು ಹಿಡಿದಿಟ್ಟ ಮಳೆ ನೀರು. ಇನ್ನೊಂದಕ್ಕೆ ಬೋರ್‌ವೆಲ್ ನೀರು, ಜೊತೆಗೆ ಒಂದು ಚಿಟಿಕೆ ಯೂರಿಯಾ ಅಲ್ಲ, ಪೊಟ್ಯಾಷ್. ಯೂರಿಯಾ ಉಪ್ಪಲ್ಲ, ಅದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಮೊದಲನೆಯದರಲ್ಲಿ ಡಬ್ಬಿ ತುಂಬಾ ಲೋಳೆ. ಎರಡನೆಯದರಲ್ಲಿ ತಳದಲ್ಲಿ ಸ್ವಲ್ಪ ಲೋಳೆ, ಮೇಲೆ ನೀರು ಹಾಗೇ ನಿಂತಿದೆ.

ಯಾಕೆ ಹೀಗೆ? ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ಸುಕ್ಕಾಗಿ ನೀರು ಬಿಡುತ್ತಲ್ಲ, ಅದೇ ಕಾರಣ. ಹೊರಗೆ ಉಪ್ಪಿನಂಶ ಹೆಚ್ಚಿದ್ದಷ್ಟೂ ಒಳಗೆ ನೀರು ನಿಲ್ಲುವುದಿಲ್ಲ. ಅದರಲ್ಲೂ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಲಿಮರ್ ಎಳೆಗಳಿಗೇ ಅಂಟಿಕೊಂಡು ಬಲೆಯನ್ನು ಬಿಗಿ ಮಾಡಿಬಿಡುತ್ತವೆ. ಆಮೇಲೆ ಒಳ್ಳೆ ನೀರು ಹಾಕಿದರೂ ಹರಳು ಮೊದಲಿನಂತೆ ಹಿಗ್ಗುವುದಿಲ್ಲ. ನಿಮ್ಮ ಮನೆಯ ಬಿಂದಿಗೆಯ ಒಳಗೆ ಬಿಳಿ ಪದರ ಕಟ್ಟುತ್ತಿದ್ದರೆ, ಸೋಪು ನೊರೆ ಬರದಿದ್ದರೆ, ನಿಮ್ಮ ಕುಂಡದಲ್ಲಿ ಪ್ಯಾಕೆಟ್ ಮೇಲಿನ ಲೆಕ್ಕ ನಡೆಯುವುದಿಲ್ಲ ಅಂತ ತಿಳಿದುಕೊಳ್ಳಿ. ಬಯಲುಸೀಮೆಯ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇವೆ.

ಇನ್ನೊಂದು ಮಾತು. ಹರಳು ನೀರನ್ನು ಹುಟ್ಟಿಸುವುದಿಲ್ಲ. ಕುಂಡದ ತೂತಿನಿಂದ ಸೋರಿ ಹೋಗುವ ನೀರನ್ನು ಹಿಡಿದಿಡುತ್ತದೆ, ಅಷ್ಟೇ. ಹಾಗಾಗಿ ಮರಳು ಮಣ್ಣು, ಗರಸು ಮಣ್ಣು, ತಾರಸಿ ಮೇಲಿನ ಕುಂಡ, ಇಲ್ಲೆಲ್ಲ ಉಪಯೋಗ ಕಾಣುತ್ತದೆ. ಎರೆ ಮಣ್ಣಿನವರು ಕೊಳ್ಳುವುದೇ ಬೇಡ. ನಿಮ್ಮ ಮಣ್ಣೇ ನೀರು ಹಿಡಿಯುತ್ತದೆ, ಅಲ್ಲಿ ಬೇರು ಕೊಳೆಯುವುದೇ ದೊಡ್ಡ ಚಿಂತೆ.

ಬಳಸುವವರು ಹೀಗೆ ಬಳಸಿ. ಒಂದು ಲೀಟರ್ ಮಣ್ಣಿಗೆ ಒಂದು ಗ್ರಾಂ ಸಾಕು. ಹತ್ತು ಲೀಟರಿನ ಕುಂಡಕ್ಕೆ ಸುಮಾರು ಎರಡು ಟೀ ಚಮಚ. ಮೊದಲು ಮಳೆ ನೀರಲ್ಲೋ ಮೆದು ನೀರಲ್ಲೋ ಕೆಲವು ಗಂಟೆ ನೆನೆಸಿ, ಪೂರ್ತಿ ಉಬ್ಬಿದ ಮೇಲೆ ಮಣ್ಣಿಗೆ ಕಲಸಿ. ಒಣ ಹರಳನ್ನು ಹಾಗೇ ಹಾಕಿ, ಅದೂ ಒಂದು ಹಿಡಿ ಹಾಕಿ ನೀರು ಬಿಟ್ಟರೆ, ಒಳಗೆಲ್ಲ ಉಬ್ಬಿ ಮಣ್ಣು ಅಂಚು ದಾಟಿ ಮೇಲೆ ಬರುತ್ತದೆ, ಗಿಡವೇ ಎದ್ದು ನಿಲ್ಲುತ್ತದೆ. ಮೇಲ್ಮಣ್ಣಿಗೆ ಉದುರಿಸುವುದೂ ದಂಡ. ಬಿಸಿಲಿಗೆ ಹರಳು ಬೇಗ ಹಾಳಾಗುತ್ತದೆ. ಬೇರು ಎಲ್ಲಿದೆಯೋ ಅಲ್ಲಿ ಇರಬೇಕು. ಹಾಕಿದ ಮೇಲೂ ಬೆರಳಿಟ್ಟು ಮಣ್ಣು ನೋಡಿಯೇ ನೀರು ಹಾಕಿ. ಹದಿನೈದು ದಿನದ ಮಾತನ್ನು ನಂಬಿ ತವರಿಗೆ ಹೋಗಿ ಕೂರಬೇಡಿ. ಮಳೆಗಾಲದಲ್ಲಿ ಅದೇ ಕುಂಡ ಜವುಗಾಗುತ್ತದೆ ಅನ್ನುವುದೂ ನೆನಪಿರಲಿ.

ಮಗುವಿನ ಡೈಪರ್ ಹರಿದು ಅದರೊಳಗಿನ ಹರಳನ್ನು ಗಿಡಕ್ಕೆ ಹಾಕುವ ಉಪಾಯ ಮೊಬೈಲಿನಲ್ಲಿ ಓಡಾಡುತ್ತಿದೆ. ಬೇಡ. ಅದು ಸೋಡಿಯಂ ಪಾಲಿಅಕ್ರಿಲೇಟ್. ಸೋಡಿಯಂ ಮಣ್ಣಿಗೆ ಸೇರಿದರೆ ಮಣ್ಣು ಕೆಡುತ್ತದೆ, ಗಿಡ ಸೊರಗುತ್ತದೆ. ಗಿಡಕ್ಕೆಂದು ಮಾಡುವ ಹರಳು ಪೊಟ್ಯಾಸಿಯಂನದ್ದು, ಇಲ್ಲವೇ ಪಾಲಿಅಕ್ರಿಲಮೈಡ್‌ನದ್ದು, ಇಲ್ಲವೇ ಪೂಸಾದ್ದರಂತೆ ಸೆಲ್ಯುಲೋಸಿನದ್ದು. ಪಾಲಿಅಕ್ರಿಲಮೈಡ್ ಮಾಡುವ ಕಚ್ಚಾವಸ್ತು ಅಕ್ರಿಲಮೈಡ್ ನರಗಳಿಗೆ ವಿಷ. ತಯಾರಾದ ಹರಳಿನಲ್ಲಿ ಅದರ ಉಳಿಕೆ ಅತಿ ಕಡಿಮೆ ಇರಬೇಕು. ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು ಅಂತ ಬರೆದಿರದ ಬಿಡಿ ಪೊಟ್ಟಣವನ್ನು, ಅದರಲ್ಲೂ ಸೊಪ್ಪು ತರಕಾರಿಗೆ, ಮುಟ್ಟಲೇಬೇಡಿ. ಪುಡಿ ಮೂಗಿಗೆ ಹೋಗದ ಹಾಗೆ ಸೆರಗೋ ಬಟ್ಟೆಯೋ ಕಟ್ಟಿಕೊಳ್ಳಿ, ಕೈಗವಸು ಹಾಕಿ, ಆಮೇಲೆ ಕೈ ತೊಳೆಯಿರಿ. ನೆಲದ ಮೇಲೆ ಚೆಲ್ಲಿ ಒದ್ದೆಯಾದರೆ ಕಾಲು ಜಾರುತ್ತದೆ, ಒಣಗಿದ್ದಾಗಲೇ ಗುಡಿಸಿ.

ಈಗ ತಾಯಂದಿರು ಸ್ವಲ್ಪ ಗಮನ ಕೊಟ್ಟು ಕೇಳಿ. ಜಾತ್ರೆಯಲ್ಲಿ ಬಣ್ಣ ಬಣ್ಣದ ನೀರಿನ ಮಣಿ ಮಾರುತ್ತಾರಲ್ಲ, ಅದೂ ಇದೇ ಜಾತಿ. ಒಣಗಿದ್ದಾಗ ಸಕ್ಕರೆ ಮಿಠಾಯಿಯಂತೆ ಕಾಣುತ್ತದೆ. ಮಗು ನುಂಗಿದರೆ ಕರುಳಿನೊಳಗೆ ಹಿಗ್ಗಿ ದಾರಿ ಮುಚ್ಚುತ್ತದೆ. ಎಕ್ಸ್‌ರೇ ತೆಗೆದರೂ ಸಾಮಾನ್ಯವಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಹತ್ತು ತಿಂಗಳ ಮಗುವೊಂದು ಹೀಗೆ ತೀರಿಕೊಂಡಿತು. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಹೋಗಿ, ಇಂಥ ಹರಳು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಸಾಧ್ಯವಾದರೆ ಪ್ಯಾಕೆಟ್ ತೋರಿಸಿ. ಮನೆಯಲ್ಲಿ ಹರಳಿದ್ದರೆ ಸಕ್ಕರೆ ಡಬ್ಬಿಯಂಥದ್ದರಲ್ಲಿ ಇಡಬೇಡಿ, ಕೀಟನಾಶಕ ಇಡುವಂತೆ ಎತ್ತರದಲ್ಲಿ, ಹೆಸರು ಬರೆದು ಇಡಿ.

ಇನ್ನು ದುಡ್ಡಿನ ಮಾತು. ಸಂಘದ ನರ್ಸರಿಯಲ್ಲಿ 1,000 ಸಸಿ ಚೀಲ ಅಂತ ಇಟ್ಟುಕೊಳ್ಳಿ. ಚೀಲಕ್ಕೆ 1 ಗ್ರಾಂ ಅಂದರೂ 1 ಕಿಲೋ ಬೇಕು. ಕಿಲೋಗೆ 1,200 ರೂಪಾಯಿ ಅಂತ ಹಿಡಿದರೆ ಸಸಿಗೆ 1 ರೂಪಾಯಿ 20 ಪೈಸೆ ಹೆಚ್ಚು ಖರ್ಚು. ಸಣ್ಣ ಪ್ಯಾಕೆಟ್ಟಿನಲ್ಲಿ ಕೊಂಡರೆ ಇನ್ನೂ ಹೆಚ್ಚು. ಸಸಿ ಮಾರಿ ಹೋದಾಗ ಹರಳೂ ಅದರ ಜೊತೆ ಹೋಗುತ್ತದೆ, ಮರುವರ್ಷ ಮತ್ತೆ ಕೊಳ್ಳಬೇಕು. ಕುಂಡದಲ್ಲೇ ಉಳಿದರೂ ಕೆಲವೇ ವರ್ಷ, ಆಮೇಲೆ ಶಕ್ತಿ ಕುಂದುತ್ತದೆ. ಇದಕ್ಕಾಗಿ ಸಾಲ ತೆಗೆಯುವುದು ನಮಗೆ ಸರಿ ಕಾಣುವುದಿಲ್ಲ. ಮಾರುವ ವ್ಯಾಪಾರ ಅಂತೂ ಬೇಡವೇ ಬೇಡ. ನೆರೆಮನೆಯವರ ಗಡಸು ನೀರಿನಲ್ಲಿ ಅದು ಉಬ್ಬದಿದ್ದರೆ ಅವರು ಬಂದು ಕೇಳುವುದು ಕಂಪನಿಯನ್ನಲ್ಲ, ನಿಮ್ಮನ್ನು.

ಪರೀಕ್ಷೆ ಮಾಡಿ ನೋಡುವ ಆಸೆ ಇದ್ದರೆ 100 ಗ್ರಾಂ ಮಾತ್ರ ತನ್ನಿ. 50 ಚೀಲಕ್ಕೆ ಹಾಕಿ, 50 ಚೀಲಕ್ಕೆ ಹಾಕದೆ ಬಿಡಿ. ಇನ್ನೂ 50 ಚೀಲಕ್ಕೆ ಮೂರರಲ್ಲಿ ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ. ತಿಪಟೂರು, ಅರಸೀಕೆರೆ ಕಡೆ ಕಾಯಿ ಸುಲಿದ ಮೇಲೆ ರಾಶಿ ಬೀಳುವ ಪುಡಿ ಅದು. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಉಪ್ಪಿನಂಶ ಹೋಗಲು ಎರಡು ಮೂರು ಸಲ ತೊಳೆದು ಬಳಸಬೇಕು. ಮೂರಕ್ಕೂ ಒಂದೇ ಅಳತೆ ನೀರು. ಯಾವುದು ಎಷ್ಟು ದಿನಕ್ಕೆ ಬಾಡಿತು, ಎಷ್ಟು ಸತ್ತವು, ನಡಾವಳಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಗುರುತು ಹಾಕಿ.

ಕೈತೋಟದ ಮಡಿಗಳಿಗಂತೂ ರಾಗಿ ಹುಲ್ಲು, ತರಗೆಲೆ ಹೊದಿಸಿ ನೋಡಿ. ಎರಡು ಗಿಡದ ನಡುವೆ ಹಳೇ ಮಣ್ಣಿನ ಮಡಕೆ ಹೂತು ನೀರು ತುಂಬಿ ಮುಚ್ಚಿದರೆ ಅದು ಜಿನುಗುತ್ತಾ ಬೇರಿಗೆ ಸಿಗುತ್ತದೆ. ಬಣ್ಣ ಬಳಿದ ಮಡಕೆ ಆಗುವುದಿಲ್ಲ.

ಪ್ಯಾಕೆಟ್ ಈಗಾಗಲೇ ಕೊಂಡವರು ಮುಂದಿನ ಸಭೆಗೆ ಅದನ್ನು ತನ್ನಿ, ಜೊತೆಗೆ ನಿಮ್ಮೂರಿನ ನೀರು ಒಂದು ಬಾಟಲಿ. ಉಬ್ಬಿಸಿ ಅಳೆದು ನೋಡೋಣ.