ವೈರಾಣುವಿನ ಹೊದಿಕೆ
(ಕುಪ್ಪೇಲೂರಿನಲ್ಲಿ ಮಾಡಿದ ಉಪನ್ಯಾಸ)



ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮುಟುರು ರೋಗವಂತೂ ಅದನ್ನು ಬಿಟ್ಟಿಲ್ಲ. ಎಲೆ ಮುಟುರಲು ಥ್ರಿಪ್ಸ್ ಮತ್ತು ಮೈಟ್ ನುಸಿಗಳೂ ಕಾರಣ. ಇಂದು ನಾನು ಹೇಳಬಯಸುವುದು ಬಿಳಿ ನೊಣ ಹೊತ್ತು ತರುವ ವೈರಾಣುವನ್ನು ಕುರಿತು.

ಇದರ ವಂಶದ್ರವ್ಯವು ಸುಮಾರು 2,700 ಅಕ್ಷರಗಳುಳ್ಳ ಒಂಟಿ ಎಳೆಯ ಡಿಎನ್‌ಎ ಉಂಗುರ. ಹೊದಿಕೆಯಿಲ್ಲದಿದ್ದರೆ ಕಿಣ್ವಗಳು ಅದನ್ನು ತುಂಡರಿಸಬಲ್ಲವು. ಆದುದರಿಂದ ವೈರಾಣು ಗಿಡದ ಜೀವಕೋಶದಿಂದಲೇ ತನ್ನ ಹೊದಿಕೆಯ ಪ್ರೋಟೀನನ್ನು ಮಾಡಿಸಿಕೊಳ್ಳುತ್ತದೆ. ಒಂದೇ ಬಗೆಯ 110 ಪ್ರೋಟೀನುಗಳು ಐದೈದಾಗಿ ಕೂಡಿ 22 ಬಿಲ್ಲೆಗಳಾಗುತ್ತವೆ. ಬಿಲ್ಲೆಗಳೆಲ್ಲ ಸೇರಿದಾಗ ಎರಡು ಬೀಜದ ಶೇಂಗಾಕಾಯಿಯ ಆಕಾರ! ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗದಷ್ಟು ಉದ್ದ. ಡಿಎನ್‌ಎಯ ಋಣ ವಿದ್ಯುದಂಶವನ್ನು ಪ್ರೋಟೀನಿನ ಧನ ವಿದ್ಯುದಂಶವು ಹಿಡಿದಿಡುತ್ತದೆ.

ಹೊದಿಕೆ ಕೇವಲ ರಕ್ಷಾಕವಚವಲ್ಲ. ನೊಣ ಹೀರಿದ ರಸದೊಡನೆ ಒಳಹೊಕ್ಕ ವೈರಾಣು ಕರುಳಿನ ಗೋಡೆಯನ್ನು ದಾಟಿ ಜೊಲ್ಲುಗ್ರಂಥಿಯನ್ನು ಸೇರಬೇಕು. ಆ ದಾರಿ ತೆರೆಯುವುದು ಹೊದಿಕೆಯಿಂದಲೇ. ಆಫ್ರಿಕದ ಮರಗೆಣಸಿನ ವೈರಾಣುವೊಂದನ್ನು ಬಿಳಿ ನೊಣ ಹರಡುತ್ತದೆ. 1990ರಲ್ಲಿ ವಿಜ್ಞಾನಿಗಳು ಅದಕ್ಕೆ ಬೀಟ್ ಗೆಡ್ಡೆಯ ವೈರಾಣುವಿನ ಹೊದಿಕೆಯನ್ನು ತೊಡಿಸಿದಾಗ, ಬೀಟ್ ವೈರಾಣುವನ್ನು ಹರಡುವ ಜಿಗಿಹುಳುವೇ ಅದನ್ನೂ ಸಾಗಿಸಿತು.

ಗಿಡದೊಳಗೆ ಹೊಕ್ಕ ವೈರಾಣುವಿಗೆ, ಯಾರು ಏನೆಂದು ಮಾರಿದರೂ, ಅಂಗಡಿಯಲ್ಲಿ ಔಷಧವಿಲ್ಲ. ಮೇಲಿಂದ ಮೇಲೆ ಸಿಂಪಡಿಸಿದರೆ ಕೀಟನಾಶಕಕ್ಕೆ ನೊಣವೇ ಪಳಗುತ್ತದೆ, ಸಾಲವಷ್ಟೇ ಬೆಳೆಯುತ್ತದೆ. ನೊಣ ಎಳೆಯ ಸಸಿಯನ್ನು ಮುಟ್ಟದಂತೆ ಸಸಿಮಡಿಗೆ ಒತ್ತು ಹೆಣಿಗೆಯ ನೈಲಾನ್ ಪರದೆಯನ್ನು ಕಟ್ಟಿರಿ. ಹೊಲದ ಸುತ್ತ ಎರಡು ಮೂರು ಸಾಲು ಜೋಳ ಬಿತ್ತಿರಿ. ರೋಗ ತಗುಲಿದ ಗಿಡವನ್ನು ಕಂಡ ದಿನವೇ ಕಿತ್ತು ಹೂಳಿರಿ, ಬದುವಿನ ಮೇಲೆ ಎಸೆಯಬೇಡಿರಿ.